ಮೊದಲು ರೊಟ್ಟಿ, ಆಮೇಲೆ ಉಪದೇಶ

ಅಪ್ಪ ತೀರಿಕೊಂಡು ಒಂಬತ್ತು ದಿನವಾಗಿತ್ತು. ಬಂದು ಹೋಗುವವರ ಗದ್ದಲ ಮುಗಿದಿತ್ತು, ಶಾಮಿಯಾನದವರು ಕುರ್ಚಿಗಳನ್ನು ಟಂಟಂಗೆ ಹೇರಿಕೊಂಡು ಹೋಗಿದ್ದರು. ಹಿಂದಿನ ಸಂಜೆ ಪರಊರಿನ ಪ್ರಸಂಗಿಯೊಬ್ಬರು ಬಂದು ಪ್ರಾರ್ಥನೆ ಮುಗಿಸಿ ಚಹಾ ಕುಡಿಯುತ್ತ, ಮನೆಯವರ ನಂಬಿಕೆ ಇನ್ನಷ್ಟು ಗಟ್ಟಿ ಇದ್ದಿದ್ದರೆ ಅಪ್ಪ ಉಳಿಯುತ್ತಿದ್ದರೇನೋ ಎಂಬರ್ಥದ ಮಾತೊಂದನ್ನು ಆಡಿ ಹೋಗಿದ್ದರು. ಅವ್ವ ಆ ಮೇಲೆ ಬಾಯಿ ತೆರೆದಿರಲಿಲ್ಲ. ನಾನು ಉಣ್ಣುವುದನ್ನೇ ಬಿಟ್ಟಿದ್ದೆ.

ಮರುದಿನ ಮಧ್ಯಾಹ್ನ ಧಾರವಾಡದ ನಮ್ಮ ಓಣಿಯ ಅತ್ತಿಯೊಬ್ಬರು ಬಂದರು. ಸಭೆಯ ಸ್ತ್ರೀಸಮಾಜದವರು. ಕೈಯಲ್ಲಿ ಸತ್ಯವೇದ ಇರಲಿಲ್ಲ, ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೂಲೆಯಲ್ಲಿ ಶೇಂಗಾ ಚಟ್ನಿ, ಅದರ ಮೇಲೆ ಕರಗುತ್ತಿದ್ದ ಬೆಣ್ಣೆ. ನಾನು ಬೇಡ ಎಂದೆ. ದೇವರ ಬಗ್ಗೆಯೂ ಏನೋ ಅಂದೆ, ಈಗ ಬರೆಯಲು ನಾಚಿಕೆಯಾಗುವಂಥದ್ದು. ಅವರು ಗಾಬರಿಯಾಗಲಿಲ್ಲ. “ಮೊದಲ ಉಣ್ಣು ತಮ್ಮಾ. ದೇವರ ಮ್ಯಾಲೆ ಸಿಟ್ಟು ಮಾಡೂದಾದ್ರೂ ಹೊಟ್ಯಾಗ ಏನರ ಇರಬೇಕಲ್ಲ” ಅಂದರು.

ಕಷ್ಟಕಾಲದಲ್ಲಿ ಕ್ರೈಸ್ತ ನಂಬಿಕೆ ಹೇಗೆ ಕೈಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಡಬ್ಬಿ. ಇದು ಬರೀ ಭಾವುಕತೆಯ ಮಾತಲ್ಲ. ಅತ್ತಿ ಮಾಡಿದ್ದಕ್ಕೆ ಸತ್ಯವೇದದಲ್ಲಿ ಆಧಾರವಿದೆ: ಅರಸುಗಳು ಮೊದಲನೆಯ ಪುಸ್ತಕ, 19ನೇ ಅಧ್ಯಾಯ. ಸೋತು ಕೂತವರು, ಸೋತವರ ಜೊತೆ ಕೂರಬೇಕಾದವರು, ಇಬ್ಬರೂ ಓದಿಕೊಳ್ಳಬೇಕಾದ ಅಧ್ಯಾಯ ಅದು.

ಎಲೀಯನಂಥ ಎಲೀಯ

ಎಲೀಯ ಸಾಮಾನ್ಯ ಪ್ರವಾದಿಯಲ್ಲ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ನೂರಾರು ಮಂದಿಯ ಎದುರು ಒಬ್ಬನೇ ನಿಂತು ಗೆದ್ದವನು. ಅಂಥವನು ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಬೇರ್ಷೆಬದವರೆಗೆ ಓಡುತ್ತಾನೆ. ಸೇವಕನನ್ನು ಅಲ್ಲೇ ಬಿಟ್ಟು ಒಂಟಿಯಾಗಿ ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಸಿದು ಕೂತು, ಸಾಕು, ನನ್ನ ಪ್ರಾಣ ತೆಗೆದುಕೊಂಡುಬಿಡು ಎಂದು ಬೇಡಿಕೊಳ್ಳುತ್ತಾನೆ. ಹಾಗೆಯೇ ನಿದ್ದೆ ಹೋಗುತ್ತಾನೆ.

ಇಲ್ಲಿ ದೇವರು ಗದರಬಹುದಿತ್ತು. ನಿನ್ನೆಯ ಜಯವನ್ನು ನೆನಪಿಸಬಹುದಿತ್ತು. ನಮ್ಮ ಮನೆಗೆ ಬಂದ ಪ್ರಸಂಗಿಯ ಹಾಗೆ ಅವನ ನಂಬಿಕೆಯನ್ನು ತೂಗಿ ನೋಡಬಹುದಿತ್ತು. ಅದ್ಯಾವುದೂ ಆಗುವುದಿಲ್ಲ. ದೇವದೂತನೊಬ್ಬ ಮೈಮುಟ್ಟಿ ಎಬ್ಬಿಸಿ ಏಳು, ಉಣ್ಣು ಅನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗುತ್ತಾನೆ. ದೂತ ಸುಮ್ಮನಿದ್ದು ಎರಡನೇ ಸಲ ಎಬ್ಬಿಸಿ ಇನ್ನೊಮ್ಮೆ ಉಣ್ಣಿಸುತ್ತಾನೆ, ಮುಂದಿನ ದಾರಿ ದೊಡ್ಡದಿದೆ ಎನ್ನುತ್ತಾನೆ. ಆ ಊಟದ ಬಲದಿಂದ ಎಲೀಯ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ. ದೇವರ ಪ್ರಶ್ನೆ ಕೇಳಿಬಂದದ್ದು ಅಲ್ಲಿ. ಅಷ್ಟರವರೆಗೆ ಊಟ, ನೀರು, ನಿದ್ದೆ.

ಹಾಗಾಗಿ ನನ್ನ ಮೊದಲ ಸಲಹೆ ಸಪ್ಪೆಯಾಗಿಯೇ ಇದೆ. ಕಷ್ಟ ಬಂದಾಗ ಉಪವಾಸ ಹಿಡಿಯುವ ಮೊದಲು ಹೊಟ್ಟೆಗೆ ಹಾಕಿಕೊಳ್ಳಿ. ಅಹೋರಾತ್ರಿ ಜಾಗರಣೆ ಪ್ರಾರ್ಥನೆಗೆ ಹೋಗುವ ಮೊದಲು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಉಪವಾಸ ಬೇರೆ, ದುಃಖಕ್ಕೆ ಹಸಿವು ಕಟ್ಟಿದ್ದು ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಬಿದ್ದವರನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆಯವರು, ಬಿ.ಪಿ. ಗುಳಿಗೆಯವರು, ಬಸುರಿಯರು ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಕೂರಲೇಬಾರದು.

ದೂರುವುದೂ ಪ್ರಾರ್ಥನೆ

ಹೋರೇಬಿನಲ್ಲಿ ದೇವರು ಕೇಳಿದ್ದು, ಇಲ್ಲೇನು ಮಾಡುತ್ತಿದ್ದೀ ಎಂದು. ಉತ್ತರವಾಗಿ ಎಲೀಯ ಒಂದು ದೂರಿನ ಪಟ್ಟಿಯನ್ನೇ ಒಪ್ಪಿಸುತ್ತಾನೆ: ಇಷ್ಟೆಲ್ಲ ಮಾಡಿದೆ, ನಾನೊಬ್ಬನೇ ಉಳಿದಿದ್ದೇನೆ, ನನ್ನ ಪ್ರಾಣಕ್ಕೂ ಹೊಂಚು ಹಾಕಿದ್ದಾರೆ. ಗಾಳಿ, ಭೂಕಂಪ, ಬೆಂಕಿ ಹಾದುಹೋಗಿ ಕೊನೆಗೆ ಸಣ್ಣ ಪಿಸುದನಿ ಕೇಳಿದ ಮೇಲೆ ದೇವರು ಅದೇ ಪ್ರಶ್ನೆ ಕೇಳುತ್ತಾನೆ, ಎಲೀಯ ಅದೇ ದೂರನ್ನು ಅಕ್ಷರ ಬಿಡದೆ ಮತ್ತೆ ಒಪ್ಪಿಸುತ್ತಾನೆ. ನನಗೆ ಈ ಪುನರುಕ್ತಿ ತುಂಬ ಇಷ್ಟ. ದುಃಖದಲ್ಲಿರುವವರು ಹೇಳಿದ್ದನ್ನೇ ಹೇಳುತ್ತಾರೆ. ದೇವರಿಗೆ ಅದನ್ನು ಎರಡು ಸಲ ಕೇಳುವ ತಾಳ್ಮೆ ಇತ್ತು. ನಮಗೆ ಫೋನಿನಲ್ಲಿ ಐದು ನಿಮಿಷ ಕೇಳುವಷ್ಟರಲ್ಲಿ ಸಾಕಾಗುತ್ತದೆ.

ನಮ್ಮ ಸಭೆಗಳಲ್ಲಿ “ಹೇಗಿದ್ದೀರಿ” ಎಂದರೆ “ಕರ್ತನ ಕೃಪೆಯಿಂದ ಚೆನ್ನಾಗಿದ್ದೇವೆ” ಎನ್ನುವುದು ರೂಢಿ. ರೂಢಿಯಲ್ಲಿ ತಪ್ಪಿಲ್ಲ. ಆದರೆ ಅದು ದೇವರೆದುರೂ ನಟಿಸುವ ಅಭ್ಯಾಸವಾಗಿಬಿಟ್ಟರೆ ಕಷ್ಟ. ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ, ಅವುಗಳಲ್ಲಿ ದೊಡ್ಡ ಪಾಲು ಗೋಳಿನ, ದೂರಿನ ಕೀರ್ತನೆಗಳು. 13ನೇ ಕೀರ್ತನೆ ಆರೇ ವಚನದ್ದು; ಮೊದಲೆರಡು ವಚನಗಳಲ್ಲೇ ಇದು ಇನ್ನೆಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿದುಹೋಗುತ್ತದೆ. ಅದನ್ನು ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು, ಕೈಬಿಟ್ಟೆಯೇಕೆ ಎಂಬ ಪ್ರಶ್ನೆಯನ್ನು. ಕನ್ನಡದವರಿಗೆ ಇದು ಹೊಸತಾಗಬಾರದು. ದೇವರನ್ನು ಎದುರಿಗೆ ನಿಲ್ಲಿಸಿ ದಬಾಯಿಸುವ ನಿಂದಾಸ್ತುತಿ ದಾಸರ ಪದಗಳಲ್ಲಿ ಬೇಕಾದಷ್ಟಿದೆ. ಸಲಿಗೆ ಇದ್ದಲ್ಲೇ ಜಗಳ.

ಮಾಡಿ ನೋಡಬೇಕೆನ್ನುವವರಿಗೆ ದಾರಿ ಹೀಗಿದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಇನ್ನೊಬ್ಬರ ಕೈಗೆ ಸಿಗದ ಹಾಗೆ. ದೇವರನ್ನು ನೀವು ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಿರಿ: ಕರ್ತನೇ, ಸ್ವಾಮಿ, ಅಪ್ಪಾ, ಯಾವುದಾದರೂ. ಆಗಿದ್ದನ್ನು ಇದ್ದಂತೆ ಬರೆಯಿರಿ. ಏನು ಬೇಕು ಎಂದು ಕೇಳಿ. ಕೊನೆಗೆ ಭರವಸೆಯ ಒಂದು ಸಾಲು ಬಂದರೆ ಬರೆಯಿರಿ, ಬರದಿದ್ದರೆ ಬಿಡಿ. 88ನೇ ಕೀರ್ತನೆ ಬರೆದವನಿಗೂ ಬಂದಿರಲಿಲ್ಲ.

ಉದಾಹರಣೆಗೆ, ಸಾಲದಲ್ಲಿ ಮುಳುಗಿದ ಆಟೋ ಚಾಲಕರೊಬ್ಬರು ಹೀಗೆ ಬರೆಯಬಹುದು: “ಸ್ವಾಮಿ, ಇವತ್ತೂ ಫೈನಾನ್ಸಿನವರು ಮನೆಬಾಗಿಲಿಗೆ ಬಂದಿದ್ದರು. ಮಗಳು ಒಳಗಿನಿಂದ ಕೇಳಿಸಿಕೊಂಡಳು. ನನಗೆ ಸಾಲಕ್ಕಿಂತ ಅದು ಹೆಚ್ಚು ಚುಚ್ಚಿತು. ನಾನು ಕುಡಿಯುವವನಲ್ಲ, ಜೂಜಾಡುವವನಲ್ಲ, ನಿನಗೆ ಗೊತ್ತು. ಈ ತಿಂಗಳ ಕಂತಿಗೆ ದಾರಿ ತೋರಿಸು. ಆಗದಿದ್ದರೆ ಅವರ ಎದುರು ತಲೆ ಎತ್ತಿ ಮಾತಾಡುವ ಧೈರ್ಯವನ್ನಾದರೂ ಕೊಡು. ಇಷ್ಟೇ. ನಿದ್ದೆ ಬರುತ್ತಿದೆ.” ಇದು ಪೂರ್ತಿ ಪ್ರಾರ್ಥನೆ. ಆಮೆನ್ ಹೇಳಿದರೂ ಆಯಿತು, ಹೇಳದಿದ್ದರೂ ಆಯಿತು.

ಬಾಯಿಗೆ ಮಾತೇ ಬರದ ದಿನಗಳೂ ಇರುತ್ತವೆ. ಅಂಥ ದಿನ ಬೇರೆಯವರ ಮಾತನ್ನು ಸಾಲ ಪಡೆಯಬಹುದು, ಇದಕ್ಕೆ ಬಡ್ಡಿ ಇಲ್ಲ. ದಿನಕ್ಕೊಂದರಂತೆ ಕೀರ್ತನೆಗಳನ್ನು ಓದಿದರೆ ಐದು ತಿಂಗಳಿಗೆ ಪುಸ್ತಕ ಒಂದು ಸುತ್ತು ಮುಗಿಯುತ್ತದೆ. ಗಟ್ಟಿಯಾಗಿ ಓದಿ, ಕಣ್ಣಿಗಿಂತ ಕಿವಿ ಹೆಚ್ಚು ಸಹಾಯ ಮಾಡುತ್ತದೆ. ಫೋನ್ ಮುಟ್ಟುವ ಮೊದಲಿನ ಹತ್ತು ನಿಮಿಷ ಇದಕ್ಕೆ ಒಳ್ಳೆಯ ಹೊತ್ತು. ಫೋನ್ ಮುಟ್ಟಿದ ಮೇಲೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಕಥೋಲಿಕರ ಮನೆಗಳಲ್ಲಿ ಜಪಮಾಲೆ ಇದೇ ಕೆಲಸ ಮಾಡುತ್ತದೆ: ಮನಸ್ಸು ಎಲ್ಲೆಲ್ಲೋ ಓಡುತ್ತಿದ್ದರೂ ಬೆರಳು ಮಣಿಯಿಂದ ಮಣಿಗೆ ಸಾಗುತ್ತದೆ. ಮಂಗಳೂರಿನ ಕಡೆ ಸಂಜೆಯ ತೇರ್ಸ್‌ಗೆ, ಅಂದರೆ ಜಪಮಾಲೆ ಪ್ರಾರ್ಥನೆಗೆ, ಮಕ್ಕಳು ತೂಕಡಿಸುತ್ತ ಕೂತರೂ ಅಜ್ಜಿಯಂದಿರು ಎಬ್ಬಿಸುತ್ತಿರಲಿಲ್ಲವಂತೆ. ತೂಕಡಿಸುತ್ತಲಾದರೂ ಕೂತಿದ್ದಾರಲ್ಲ ಎಂಬ ಲೆಕ್ಕ.

ಯೋಬನ ಗೆಳೆಯರ ಪಾಠ

ಯೋಬನ ಪುಸ್ತಕಕ್ಕೆ 42 ಅಧ್ಯಾಯ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನನ್ನು ನೋಡಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಕೂರುತ್ತಾರೆ, ಒಬ್ಬನೂ ಮಾತಾಡುವುದಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೇ ದಿನಕ್ಕೆ ಎದ್ದು ಹೋಗಿದ್ದರೆ ಪುಣ್ಯವಂತರೆನಿಸುತ್ತಿದ್ದರು. ಬಾಯಿ ಬಿಟ್ಟರು, ನೀನೇನೋ ಪಾಪ ಮಾಡಿರಲೇಬೇಕು ಎಂದು ಅಧ್ಯಾಯಗಟ್ಟಲೆ ವಾದಿಸಿದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಕೀಲಿಕೆ ಮಾಡಿದ ಇವರ ಮೇಲೆ.

ದುಃಖದ ಮನೆಗೆ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟೋ ಗಾಯ ತಪ್ಪುತ್ತದೆ. ಕಾರಣ ಹೇಳಬೇಡಿ. “ದೇವರಿಗೆ ಒಳ್ಳೆಯವರೇ ಬೇಕು” ಎಂದು ಮಗುವನ್ನು ಕಳೆದುಕೊಂಡ ತಾಯಿಗೆ ದಯವಿಟ್ಟು ಹೇಳಬೇಡಿ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬಂದಿದ್ದ ಯೇಸು ಕೂಡ ಸಮಾಧಿಯ ಹತ್ತಿರ ಮೊದಲು ಅತ್ತ. “ಏನಾದರೂ ಬೇಕಿದ್ದರೆ ಹೇಳಿ” ಎನ್ನುವುದಕ್ಕಿಂತ “ಗುರುವಾರ ಆಸ್ಪತ್ರೆಗೆ ನಾನು ಬರುತ್ತೇನೆ, ನೀವು ಮನೆಗೆ ಹೋಗಿ ಮಲಗಿ” ಎನ್ನುವುದು ವಾಸಿ. ರೇಷನ್ ತಂದುಕೊಡುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ವಿಮೆ ಕಾಗದಗಳಿಗೆ ಝೆರಾಕ್ಸ್ ಮಾಡಿಸುವುದು, ಇವೆಲ್ಲ ಸೇವೆಯೇ. ಪ್ರಾರ್ಥನೆ ಮಾಡುವುದಾದರೆ ಕೇಳಿಕೊಂಡು ಮಾಡಿ, ಚುಟುಕಾಗಿ ಮಾಡಿ. ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆಯ ಪ್ರಾರ್ಥನೆಯಿಂದ ಬಲ ಬರುವುದು ಪ್ರಾರ್ಥಿಸಿದವರಿಗೆ ಮಾತ್ರ.

ನೀವೇ ಆ ಬೆಂಚಿನ ಮೇಲೆ ಕೂತವರಾದರೆ ಬಂದವರ ಮಾತನ್ನೆಲ್ಲ ದೇವರ ಮಾತೆಂದು ತೆಗೆದುಕೊಳ್ಳಬೇಕಾಗಿಲ್ಲ. ಔಷಧಿ ನಿಲ್ಲಿಸಿದರೆ ಮಾತ್ರ ಗುಣವಾಗುತ್ತದೆ ಎನ್ನುವವರು, ಇಷ್ಟು ಕಾಣಿಕೆ ಬಿತ್ತಿದರೆ ಸಾಲ ತೀರುತ್ತದೆ ಎನ್ನುವವರು ಬಂದರೆ ನಮಸ್ಕಾರ ಹೇಳಿ ಕಳಿಸಿ. ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ. ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಪೌಲ ಬರೆದು ಕಳಿಸಿದ್ದು ಮನೆಮದ್ದನ್ನು. ಆ ಪೌಲನೇ ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಅವನಿಗೆ ನಂಬಿಕೆ ಸಾಲದಾಗಿತ್ತು ಎಂದು ಈವರೆಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಒಬ್ಬರೇ ಹೊರಬೇಡಿ

ನಾನೊಬ್ಬನೇ ಉಳಿದೆ ಎಂದ ಎಲೀಯನಿಗೆ ದೇವರು ಕೊಟ್ಟ ಉತ್ತರದಲ್ಲಿ ಒಂದು ಅಂಕಿ ಇದೆ: ಇನ್ನೂ ಏಳು ಸಾವಿರ ಮಂದಿ ಇದ್ದಾರೆ. ಅಷ್ಟೇ ಅಲ್ಲ, ಎಲೀಷನೆಂಬ ಒಬ್ಬ ಜೊತೆಗಾರನನ್ನೂ ಗೊತ್ತುಮಾಡಿದ. ಏಳು ಸಾವಿರದ ಸುದ್ದಿಗಿಂತ ಆ ಒಬ್ಬ ಹೆಚ್ಚು ಉಪಯೋಗಕ್ಕೆ ಬಂದಿರಬೇಕೆಂದು ನನ್ನ ಊಹೆ.

ಒಬ್ಬರಿಗಾದರೂ ಪೂರ್ತಿ ವಿಷಯ ತಿಳಿಸಿ. ಅಯ್ಯನವರಿಗೆ, ಫಾದರ್‌ಗೆ, ಸಿಸ್ಟರ್‌ಗೆ ಹೇಳುವುದಾದರೆ ಭಾನುವಾರ ಆರಾಧನೆ ಮುಗಿದ ಗಡಿಬಿಡಿಯಲ್ಲಿ ಬಾಗಿಲ ಬಳಿ ಹೇಳಬೇಡಿ, ಅಲ್ಲಿ ಅವರು ಐವತ್ತು ಜನರ ಕೈಕುಲುಕಬೇಕು. ವಾರದ ಮಧ್ಯೆ ಹೊತ್ತು ಕೇಳಿಕೊಂಡು ಹೋಗಿ. ಹಣದ ಅಡಚಣೆಯನ್ನು ಹೇಳಿಕೊಳ್ಳಲು ನಾಚಿಕೆ ಬೇಡ. ಅನೇಕ ಕಥೋಲಿಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಮ್ ಎಂಬ ವಿದ್ಯಾರ್ಥಿ ಗೆಳೆಯರ ಜೊತೆ ಶುರುಮಾಡಿದ ಕೂಟ ಅದು. ಕಷ್ಟದಲ್ಲಿರುವವರ ಮನೆಗೇ ಹೋಗಿ ಭೇಟಿ ಮಾಡುವುದು ಅದರ ಪದ್ಧತಿ. ಮಂಗಳೂರು ಕಡೆಯವರಾದರೆ ವಾಡೆಯ (ವಾರ್ಡಿನ) ಮುಖಂಡರಾದ ಗುರ್ಕಾರರಿಗೆ ಒಂದು ಮಾತು ಹೇಳಿದರೆ ಇಗರ್ಜಿಗೆ ಸುದ್ದಿ ಮುಟ್ಟುತ್ತದೆ. ಸಿ.ಎಸ್.ಐ. ಸಭೆಗಳಲ್ಲಿ ಹಿರಿಯರ ಮಂಡಳಿ, ಸ್ತ್ರೀಸಮಾಜದವರನ್ನು ಕೇಳಿ. ಮೊದಲ ಸಲ ಕೇಳಿದಾಗ ಆಗದೇ ಹೋಗಬಹುದು. ಸಭೆಯೆಂದರೆ ಮನುಷ್ಯರೇ, ಅಲ್ಲಿಯೂ ಕಡತ ಕಳೆದುಹೋಗುತ್ತದೆ.

ನಂಬಿಕೆಯೇ ಒಣಗಿಹೋಗಿದೆ ಅನಿಸಿದರೆ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದ ಕಪೆರ್ನೌಮಿನ ಕಥೆ ಓದಿ. ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನಜಂಗುಳಿ. ಮಾಳಿಗೆ ಹತ್ತಿ, ಅದನ್ನು ಬಗೆದು, ಹಾಸಿಗೆಸಮೇತ ಇಳಿಸಿದರು. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ. ನೀವು ಪ್ರಾರ್ಥಿಸಲಾಗದ ತಿಂಗಳು ನಿಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸಲಿ. ಅವರ ಸರದಿ ಬಂದಾಗ ನೀವು ಮಾಳಿಗೆ ಹತ್ತಿದರಾಯಿತು.

ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದೂ ಇದನ್ನೇ ತೋರಿಸುತ್ತದೆ. ಹಳ್ಳಿ ಕಡೆಯಿಂದ ಬರುತ್ತಿದ್ದ ಸಿರೇನ್ಯದ ಸೀಮೋನನನ್ನು ಸೈನಿಕರು ಹಿಡಿದು ಯೇಸುವಿನ ಶಿಲುಬೆ ಹೊರಿಸಿದರು. ಅವನೇನೂ ಭಕ್ತಿಯಿಂದ ಮುಂದೆ ಬಂದವನಲ್ಲ, ಸಿಕ್ಕಿಬಿದ್ದವನು. ಸಹಾಯ ಕೆಲವೊಮ್ಮೆ ಹೀಗೆಯೇ, ಅರ್ಧ ಮನಸ್ಸಿನ ಅಪರಿಚಿತನಿಂದ ಬರುತ್ತದೆ. ಬಂದದ್ದನ್ನು ತೆಗೆದುಕೊಳ್ಳಿ.

ಇನ್ನೊಂದು ಮಾತು, ಇದನ್ನು ಹಾರಿಸಿ ಓದಬೇಡಿ. ಎಲೀಯ ಸಾವನ್ನು ಬೇಡಿದ್ದು ಪಾಪವೆಂದು ಸತ್ಯವೇದ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಅಂಥ ಯೋಚನೆ ಬಂದಾಗ ಬಚ್ಚಿಡಬೇಡಿ. ಬದುಕು ಬೇಡವೆನಿಸುತ್ತಿದ್ದರೆ, ವಾರಗಟ್ಟಲೆ ನಿದ್ದೆ ಊಟ ತಪ್ಪಿದ್ದರೆ, ಅದಕ್ಕೆ ಪ್ರಾರ್ಥನೆಯ ಜೊತೆ ಚಿಕಿತ್ಸೆಯೂ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಈ ಕ್ಷಣವೇ ಅಪಾಯವಿದ್ದರೆ 112. ಎಬ್ಬಿಸಲು ಬಂದ ದೂತನಿಗೆ ರೆಕ್ಕೆಯೇ ಇರಬೇಕೆಂದಿಲ್ಲ, ಹೆಡ್‌ಫೋನ್ ಇದ್ದರೂ ನಡೆಯುತ್ತದೆ.

ನಾಳೆಯ ಕೆಲಸ

ದೂರು ಕೇಳಿ ಮುಗಿಸಿದ ದೇವರು ಎಲೀಯನಿಗೆ ವಿವರಣೆ ಕೊಡುವುದಿಲ್ಲ, ಕೆಲಸ ಕೊಡುತ್ತಾನೆ: ದಮಸ್ಕದ ದಾರಿ ಹಿಡಿ, ಇಂಥಿಂಥವರನ್ನು ಅಭಿಷೇಕಿಸು. ಹೆಸರು, ಊರು ಸಮೇತ.

ನಮ್ಮ ನಾಡಿನಲ್ಲೇ ಇದಕ್ಕೊಂದು ಉದಾಹರಣೆ ಉಂಟು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ಹೆಂಡತಿ ಪೌಲಿನ್‌ಳನ್ನು ಈ ದೇಶದಲ್ಲೇ ಕಳೆದುಕೊಂಡರು. ಮುಂದೆ ಅವಳ ಸಹೋದರಿ ಜೂಲಿಯನ್ನು ಮದುವೆಯಾದರು. ಎಳೆಯ ಮಕ್ಕಳ ಸಂಸಾರ, ಮಿಷನ್ನಿನೊಳಗಿನ ಭಿನ್ನಾಭಿಪ್ರಾಯಗಳು, ಕಣ್ಣಿನ ತೊಂದರೆ. ಇದರ ನಡುವೆ ಒಂದೊಂದೇ ಶಬ್ದ ಹೆಕ್ಕಿ, ಅರ್ಥ ಬರೆದು, ಪ್ರಯೋಗ ಹುಡುಕಿ ಕೂಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಶಬ್ದಗಳೊಂದಿಗೆ. ಅವರ ಒಳಮನಸ್ಸಿನಲ್ಲಿ ಏನಿತ್ತೋ, ಅದನ್ನು ಊಹಿಸುವ ಧೈರ್ಯ ನನಗಿಲ್ಲ. ಆದರೆ ನಿಘಂಟು ಮಾಡುವವನಿಗೆ ದಿನದ ಕೊನೆಗೆ ಇಷ್ಟು ಶಬ್ದ ಆಯಿತು ಎಂಬ ಲೆಕ್ಕ ಸಿಗುತ್ತದೆ. ಮುಳುಗುತ್ತಿರುವ ಮನುಷ್ಯನಿಗೆ ಅಂಥ ಲೆಕ್ಕ ಬೇಕಾಗುತ್ತದೆ.

ಹಾಗಾಗಿ ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತುಮಾಡಿಕೊಳ್ಳಿ, ಸಂಜೆ ಮುಗಿಯಿತು ಎಂದು ಗೀಟು ಎಳೆಯುವಂಥದ್ದು. ಬ್ಯಾಂಕಿಗೆ ಹೋಗಿ ಕಂತು ಮುಂದೂಡಲು ಅರ್ಜಿ ಕೊಡುವುದು. ತೀರಿಕೊಂಡವರ ಬಟ್ಟೆಯ ಕಪಾಟಿನಲ್ಲಿ ಇವತ್ತು ಒಂದೇ ಖಾನೆ. ಕೆಲಸ ಹೋದವರಿಗೆ ಎರಡು ಅರ್ಜಿ, ಇಪ್ಪತ್ತಲ್ಲ. ಪೌಲನ ಕೊನೆಕೊನೆಯ ಪತ್ರಗಳಲ್ಲೊಂದಾದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದರ ದೊಡ್ಡ ದೊಡ್ಡ ತತ್ವಗಳಲ್ಲ. ಸೆರೆಯಲ್ಲಿದ್ದಾನೆ, ಹೆಚ್ಚಿನವರು ಬಿಟ್ಟುಹೋಗಿದ್ದಾರೆ. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮೊದಲೇ ಬರಲು ನೋಡು ಎಂದು ಬರೆಯುತ್ತಾನೆ. ಸಾವು ಹತ್ತಿರವಿದೆಯೆಂದು ತಿಳಿದವನಿಗೆ ಚಳಿಯ ಚಿಂತೆಯೂ ಇತ್ತು, ಓದುವ ಆಸೆಯೂ ಇತ್ತು.

ಅತ್ತಿಯ ಡಬ್ಬಿ ನಮ್ಮ ಅಡುಗೆಮನೆಯಲ್ಲಿ ಎರಡು ವಾರ ಉಳಿಯಿತು. ಕೊಡಲು ಹೊರಟಾಗ ಅವ್ವ ತಡೆದರು, ಖಾಲಿ ಡಬ್ಬಿ ಕೊಡಬಾರದಂತೆ. ಅಪ್ಪ ಹೋದ ಮೇಲೆ ಮೊದಲ ಸಲ ಒಲೆಯ ಮುಂದೆ ನಿಂತು ರವೆ ಹುರಿದರು. ಉಂಡೆ ಕಟ್ಟುವಾಗ ನನ್ನನ್ನೂ ಕೂರಿಸಿಕೊಂಡರು. ಏಲಕ್ಕಿ ಹೆಚ್ಚಾಗಿತ್ತು. ಅತ್ತಿ ಬಾಗಿಲಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡು, “ನಿಮ್ಮವ್ವ ಮಾಡಿದ್ಲನು?” ಎಂದು ಕೇಳಿ, ಹೌದೆಂದಾಗ ಒಂದು ಗಳಿಗೆ ಸುಮ್ಮನೆ ನಿಂತು, ಡಬ್ಬಿ ಒಳಗೆ ಒಯ್ದರು.